ಟಾರ್ಚ್ ಬೆಳಕಲ್ಲಿ ಶಾಸನ ಓದಿದೆವು, ಊರೇ ಬಂತು

ಹೋದ ವಾರ ಮೂವತ್ತೊಂದನೇ ಊರಿನಲ್ಲಿ, ಊರಿನವರ ಮುಂದೆ ಅವರೂರಿನ ಕಲ್ಲಿನ ಶಾಸನ ಓದಿ ಹೇಳುವುದು ಮುಗಿಯಿತು. ನಾಲ್ಕು ವರ್ಷದ ಹಿಂದೆ ಇದನ್ನು ಶುರು ಮಾಡುತ್ತೇನೆ ಅಂದಾಗ ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು, "ಹಳ್ಳಿ ಜನಕ್ಕೆ ಹಳಗನ್ನಡ ಯಾಕೆ ಬೇಕು? ಪಾಠ ಮಾಡಿ, ಪೇಪರ್ ಬರೀರಿ, ಸಾಕು" ಅಂದಿದ್ದರು. ಮೊದಲ ವರ್ಷ ಅವರ ಮಾತೇ ನಿಜ ಅನ್ನಿಸಿತ್ತು. ಈಗ ಊರಿನವರೇ ಫೋನ್ ಮಾಡಿ "ನಮ್ಮೂರಿಗೆ ಯಾವಾಗ ಬರ್ತೀರಿ?" ಅಂತ ಕೇಳುತ್ತಾರೆ. ಬೇರೆ ತಾಲ್ಲೂಕಿನ ಸಂಶೋಧಕ ಗೆಳೆಯರು ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಪಿಎಚ್‌ಡಿ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ವೀರಗಲ್ಲುಗಳ ಮೇಲೆ, ಅಂದರೆ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳ ಮೇಲೆ. ಈ ತಾಲ್ಲೂಕಿನಲ್ಲಿ ಕಲ್ಲಿಲ್ಲದ ಊರು ಹುಡುಕುವುದೇ ಕಷ್ಟ. ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ಬಂದಿದ್ದು 1904ರಲ್ಲಿ. ಅಂದರೆ ಸೊರಬದ ನೂರಾರು ಕಲ್ಲುಗಳ ಪಾಠ ನೂರಿಪ್ಪತ್ತು ವರ್ಷದಿಂದ ಅಚ್ಚಾಗಿ ಕೂತಿದೆ. ಆದರೆ ಆ ಕಲ್ಲಿನ ಪಕ್ಕದಲ್ಲೇ ಆಡಿ ಬೆಳೆದವರಿಗೆ ಅದರಲ್ಲಿ ಯಾರ ಹೆಸರಿದೆ ಅಂತ ಗೊತ್ತಿಲ್ಲ. ಕೆಲವು ಕಡೆ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಇನ್ನು ಕೆಲವು ಕಡೆ ಭಕ್ತಿಯಿಂದ ಆಯಿಲ್ ಪೇಂಟ್ ಬಳಿದು ಅಕ್ಷರ ಮುಚ್ಚಿಬಿಟ್ಟಿದ್ದರು. ತಪ್ಪು ಅವರದಲ್ಲ. ನಾವು ಓದಿದ್ದನ್ನು ಅವರಿಗೆ ವಾಪಸ್ ಹೇಳಿರಲಿಲ್ಲ.

ಮೊದಲ ಪ್ರಯತ್ನದಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಪೇಟೆಯಲ್ಲಿ ಒಂದು ಸಭಾಂಗಣ ಬಾಡಿಗೆಗೆ ಹಿಡಿದೆ. ಬ್ಯಾನರು, ಆಹ್ವಾನ ಪತ್ರಿಕೆ, ಹಾರ, ಶಾಲು, ಮೈಕು, ಊಟ ಎಲ್ಲಾ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಖರ್ಚಾಯಿತು. ಪೂರ್ತಿ ನನ್ನ ಸಂಬಳದ್ದು. ವೇದಿಕೆ ಮೇಲೆ ಆರು ಜನ, ಕೆಳಗೆ ಹನ್ನೊಂದು. ಅದರಲ್ಲಿ ನಾಲ್ವರು ನನ್ನ ವಿದ್ಯಾರ್ಥಿಗಳು. ದೊಡ್ಡ ವಿದ್ವಾಂಸರೊಬ್ಬರು ಮುಕ್ಕಾಲು ಗಂಟೆ ಲಿಪಿಯ ಬೆಳವಣಿಗೆ ಬಗ್ಗೆ ಮಾತಾಡಿದರು. ಮಾತು ತುಂಬಾ ಚೆನ್ನಾಗಿತ್ತು, ಆದರೆ ಕೇಳಬೇಕಾದವರು ಅಲ್ಲಿರಲಿಲ್ಲ. ಅವರು ಗದ್ದೆಯಲ್ಲಿದ್ದರು.

ಎರಡನೇ ಸಲ ನಾನೇ ಊರಿಗೆ ಹೋದೆ. ಹೇಳದೆ ಕೇಳದೆ ಇಬ್ಬರು ಹುಡುಗರನ್ನು ಕರೆದುಕೊಂಡು ಬ್ರಷ್ಷು, ಬಕೆಟ್ಟು ಹಿಡಿದು ಕಲ್ಲು ತೊಳೆಯಲು ಕೂತೆ. ಅರ್ಧ ಗಂಟೆಯಲ್ಲಿ ನಲವತ್ತು ಜನ ಸುತ್ತುವರಿದರು. ನಿಧಿ ತೆಗೆಯಲು ಬಂದವರು ಅಂದುಕೊಂಡಿದ್ದರು. ಅವರ ಅನುಮಾನದಲ್ಲೂ ಅರ್ಥವಿತ್ತು. ಆ ಸೀಮೆಯಲ್ಲಿ ಕಲ್ಲು ಉರುಳಿಸಿ ಅಡಿ ಅಗೆದವರು ಬೇಕಾದಷ್ಟು ಜನ. ಪೊಲೀಸರಿಗೆ ಫೋನ್ ಹೋಯಿತು. ಕಾಲೇಜಿನ ಗುರುತಿನ ಚೀಟಿ ತೋರಿಸಿ, ಪಂಚಾಯ್ತಿಯವರ ಹತ್ತಿರ ಮಾತಾಡಿ ಹೊರಡುವಾಗ ಸಂಜೆ ಏಳು ಗಂಟೆ. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಊರಿನ ಇಬ್ಬರು ಹಿರಿಯರು ಪಕ್ಕದಲ್ಲಿ ನಿಲ್ಲದೆ ಕಲ್ಲು ಮುಟ್ಟುವುದಿಲ್ಲ.

ಮೂರನೇ ಸಲ ಶಾಲೆಯಲ್ಲಿ ಪ್ರೊಜೆಕ್ಟರ್ ಇಟ್ಟೆವು. ಬಾಡಿಗೆ ಹದಿನೈದು ನೂರು. ಎಂಟನೇ ಸ್ಲೈಡಿಗೆ ಕರೆಂಟ್ ಹೋಯಿತು. ಮಲೆನಾಡಿನಲ್ಲಿ ಜುಲೈ ತಿಂಗಳು, ಇನ್ನು ಬರುವ ಮಾತೇ ಇಲ್ಲ. ಜನ ಏಳಲು ಶುರು ಮಾಡಿದರು. ಶಾಲೆಯ ಅಂಗಳದ ಮೂಲೆಯಲ್ಲೇ ಒಂದು ವೀರಗಲ್ಲು ಇತ್ತು. "ಬನ್ನಿ, ಹೊರಗೆ ನೋಡೋಣ" ಅಂದೆ. ಮಳೆ ಸ್ವಲ್ಪ ಹೊಳವಾಗಿತ್ತು. ಟಾರ್ಚನ್ನು ಕಲ್ಲಿನ ಬದಿಗೆ ಒತ್ತಿ ಹಿಡಿದೆ. ಬೆಳಕು ಓರೆಯಾಗಿ ಬಿದ್ದರೆ ಅಕ್ಷರ ಎದ್ದು ಕಾಣುತ್ತದೆ ಅಂತ ನಮಗೆಲ್ಲ ಗೊತ್ತೇ ಇದೆ. ಆದರೆ ಹಗಲೆಲ್ಲ ಬೋಳಾಗಿ ಕಾಣುವ ಕಲ್ಲಿನ ಮೇಲೆ ಒಂದೊಂದೇ ಸಾಲು ಮೇಲೇಳುವುದನ್ನು ಮೊದಲ ಸಲ ನೋಡುವವರ ಮುಖ ನಾನು ನೋಡಿರಲಿಲ್ಲ. ಒಬ್ಬ ಅಜ್ಜಿ, "ಅಯ್ಯೋ, ಇಷ್ಟು ದಿನ ಇದ್ರಲ್ಲಿ ಬರ್ದಿತ್ತಾ?" ಅಂದರು. ಮೂವತ್ತು ಜನ ಒಂದು ಗಂಟೆ ನಿಂತೇ ಇದ್ದರು. ಅವತ್ತಿನಿಂದ ಪ್ರೊಜೆಕ್ಟರ್ ಮುಟ್ಟಿಲ್ಲ.

ಈಗ ನಾನು ಮಾಡುವುದು ಹೀಗೆ. ಊರಿಗೆ ಹದಿನೈದು ದಿನ ಮೊದಲೇ ಹಾಲಿನ ಡೇರಿಗೆ ಹೋಗುತ್ತೇನೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅರ್ಧ ಊರು ಅಲ್ಲಿಗೆ ಬರುತ್ತದೆ. ಅಲ್ಲಿ ಕಲ್ಲಿನ ಒಂದು ಫೋಟೋ ಅಂಟಿಸುತ್ತೇನೆ. ಕೆಳಗೆ ಒಂದೇ ಒಂದು ಪ್ರಶ್ನೆ ಬರೆಯುತ್ತೇನೆ. ಎಂಥ ಪ್ರಶ್ನೆ ಅಂತ ಮುಂದೆ ಹೇಳುತ್ತೇನೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು, ಪ್ರತಿ ಊರಿಗೂ ಅದು ಬೇರೆ. ಕಾರ್ಯಕ್ರಮ ರಾತ್ರಿ ಏಳಕ್ಕೆ, ಹಾಲು ಹಾಕಿ ಬಂದ ಮೇಲೆ. ವೇದಿಕೆ ಇಲ್ಲ, ಮೈಕಿಲ್ಲ, ಹಾರ ಇಲ್ಲ. ಮಂಡಕ್ಕಿ, ಮಿರ್ಚಿ, ಚಹಾ. ಪೆಟ್ರೋಲು ಸೇರಿ ಒಂಬೈನೂರು, ಹೆಚ್ಚೆಂದರೆ ಸಾವಿರ. ಆರೇಳನೇ ಊರಿನಿಂದ ಮಂಡಕ್ಕಿ ಖರ್ಚು ಊರಿನವರೇ ನೋಡಿಕೊಳ್ಳುತ್ತಿದ್ದಾರೆ. ಜನ ಸರಾಸರಿ ಐವತ್ತು ಅರವತ್ತು ಬರುತ್ತಾರೆ. ಒಂದು ಊರಿನಲ್ಲಿ ಇನ್ನೂರು ದಾಟಿತ್ತು.

ಓದುವಾಗ ರಾಜನ ಹೆಸರಿನಿಂದ ಶುರು ಮಾಡಬೇಡಿ. ಬಿರುದಾವಳಿ ಕೇಳಿದರೆ ಜನ ಆಕಳಿಸುತ್ತಾರೆ. ಸತ್ತವನಿಂದ ಶುರು ಮಾಡಿ. ಇವನು ತುರುಗೊಳ್ಳಲ್ಲಿ ಸತ್ತ, ಅಂದರೆ ಊರ ದನ ಹೊಡೆದುಕೊಂಡು ಹೋಗುವಾಗ ಬಿಡಿಸಲು ಹೋಗಿ ಸತ್ತ ಅನ್ನಿ. ಕಲ್ಲಿನ ಕೆತ್ತನೆಯಲ್ಲಿ ಕೆಳಗಿನ ಪಟ್ಟಿಯಲ್ಲಿ ಕಾಳೆಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು. ಇದನ್ನು ನೀವು ವಿವರಿಸಬೇಕಾಗಿಲ್ಲ, ಟಾರ್ಚ್ ಕೆಳಗಿನಿಂದ ಮೇಲೆ ಒಯ್ದರೆ ಮಕ್ಕಳೇ ಕಥೆ ಹೇಳುತ್ತಾರೆ. ಸತ್ತವನ ಮನೆಯವರಿಗೆ ಬಿಟ್ಟ ನೆತ್ತರುಗೊಡಗೆಯ ಭೂಮಿಗೆ ಬಂದಾಗ ಹಿರಿಯರು ಮುಂದೆ ಸರಿದು ಕೂರುತ್ತಾರೆ. ಭೂಮಿ ಯಾವುದು, ಎಷ್ಟು, ಎಲ್ಲಿ ಅಂತ ಪ್ರಶ್ನೆ ಶುರುವಾಗುತ್ತದೆ. ಇದನ್ನು ಅಳಿದವನು, ಅಂದರೆ ಕೆಡಿಸಿದವನು, ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ಕೊಂದ ಪಾಪಕ್ಕೆ ಹೋಗುತ್ತಾನೆ ಅನ್ನುವ ಶಾಪದ ಸಾಲನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಕಲ್ಲಿನ ಮೇಲೆ ಬಟ್ಟೆ ಒಗೆಯುವುದು ಮರುದಿನವೇ ನಿಲ್ಲುತ್ತದೆ.

ಆದರೆ ನಿಜವಾದ ತಿರುವು ಬಂದಿದ್ದು ಒಂಬತ್ತನೇ ಊರಿನಲ್ಲಿ. ಅಲ್ಲಿಯವರೆಗೆ ನಾನು ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಆ ಊರಿನದು ಕೆರೆ ಶಾಸನ. ಕೆರೆ ರಿಪೇರಿಗೆ ಅಂತ ಬಿಟ್ಟ ಗದ್ದೆ, ಅದರ ಎಲ್ಲೆ, ತೂಬು ಇರುವ ದಿಕ್ಕು ಎಲ್ಲಾ ಇದೆ. ನನ್ನ ಪ್ರಬಂಧದಲ್ಲಿ ಅದು ಈಗಿನ ಊರ ಮುಂದಿನ ಕೆರೆಯೇ ಅಂತ ಬರೆದಿದ್ದೆ. ಓದಿ ಮುಗಿಸಿದೆ. ಎಂಬತ್ತರ ಆಸುಪಾಸಿನ ಅಜ್ಜ ಒಬ್ಬರು ಹಿಂದಿನಿಂದ, "ಅಕ್ಕೋರೆ, ಅದು ಈ ಕೆರೆ ಅಲ್ಲ" ಅಂದರು.

"ಯಾಕೆ ಅಜ್ಜಾ?"

"ಈ ಕೆರೆ ತೂಬು ಮೂಡಕ್ಕೆ ಇದೆ. ನೀವು ತೆಂಕಕ್ಕೆ ಅಂತ ಓದಿದ್ರಿ. ಕಾಡೊಳಗೆ ಹಾಳುಗೆರೆ ಒಂದಿದೆ, ಬನ್ನಿ ನಾಳೆ."

ಮರುದಿನ ಹದಿನೆಂಟು ಜನ ಹೊರಟೆವು. ಶಾಸನದ ಎಲ್ಲೆಗಳನ್ನು ನಾನು ಒಂದೊಂದಾಗಿ ಓದುವುದು, ಅವರು ಅದು ಎಲ್ಲಿ ಅಂತ ಹೇಳುವುದು. ಹುಣಸೆ ಮರ ಹೋಗಿತ್ತು, ಆದರೆ ಆ ಜಾಗಕ್ಕೆ ಇವತ್ತಿಗೂ ಹುಣಸೆಯ ಹೆಸರೇ ಇದೆ. ನಟ್ಟ ಕಲ್ಲು ನಟ್ಟ ಹಾಗೇ ಇತ್ತು. ಪೊದೆ ಸವರಿದರೆ ಒಡೆದ ಏರಿ, ತೆಂಕು ಬದಿಯಲ್ಲಿ ತೂಬಿನ ಎರಡು ಕಲ್ಲುಕಂಬ. ನನಗೆ ಕಣ್ಣಲ್ಲಿ ನೀರು ಬಂತು. ಪ್ರಬಂಧದ ಎರಡು ಪುಟ ತಪ್ಪು ಅಂತ ಗೊತ್ತಾದ ದಿನ ಅದು, ನನ್ನ ಸಂಶೋಧನೆಯಲ್ಲಿ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ. ಆ ತಿದ್ದುಪಡಿಯನ್ನು ಅಜ್ಜನ ಹೆಸರು ಹಾಕಿಯೇ ಅಚ್ಚು ಮಾಡಿಸಿದೆ. ಅಚ್ಚಾದ ಪ್ರತಿ ಅವರ ಮನೆಯಲ್ಲಿ ದೇವರ ಫೋಟೋ ಪಕ್ಕ ಇದೆ.

ಅಂದಿನಿಂದ ಕ್ರಮವನ್ನೇ ತಿರುಗಿಸಿದೆ. ನನಗೆ ಬಿಡಿಸದೆ ಉಳಿದ ಪ್ರಶ್ನೆಯನ್ನೇ ಊರಿಗೆ ತೆಗೆದುಕೊಂಡು ಹೋಗುತ್ತೇನೆ. ಬೇಡದ ಪ್ರಶ್ನೆ ಕೇಳಿ ನಾಟಕ ಆಡಿದರೆ ಅವರಿಗೆ ತಕ್ಷಣ ತಿಳಿಯುತ್ತದೆ. ನಿಜವಾಗಿ ಬೇಕಾದದ್ದನ್ನು ಕೇಳಬೇಕು. ಶಾಸನದಲ್ಲಿ ಬರುವ ಮತ್ತರು, ಕಮ್ಮ ಅನ್ನುವ ಭೂಮಿಯ ಅಳತೆ ಅವರಿಗೆ ಗೊತ್ತಿಲ್ಲ, ಖಂಡುಗ, ಕೊಳಗ ಗೊತ್ತು. ಯಾವ ಗದ್ದೆಗೆ ಎಷ್ಟು ಬೀಜ ಬೀಳುತ್ತದೆ ಅನ್ನುವುದು ಬೆರಳ ತುದಿಯಲ್ಲಿದೆ. ಅದು ಯಾವ ಲೈಬ್ರರಿಯಲ್ಲೂ ಸಿಗಲ್ಲ.

ಹಳ್ಳಿಯವರಿಗೆ ಇಂಥದ್ದರಲ್ಲಿ ಆಸಕ್ತಿ ಇಲ್ಲ ಅನ್ನುವವರಿಗೆ ನಾನು ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡನ್ನು ತೋರಿಸುತ್ತೇನೆ. 1949ರಿಂದ ಅಲ್ಲಿ ನೀನಾಸಮ್ ಅನ್ನುವ ನಾಟಕ ಸಂಸ್ಥೆ ಇದೆ. ಅಡಿಕೆ ತೋಟದ ನಡುವೆ ಜನ ಶೇಕ್ಸ್‌ಪಿಯರ್ ನಾಟಕ ನೋಡಿದ್ದಾರೆ, ಅದರ ಬಗ್ಗೆ ಜಗಳ ಆಡಿದ್ದಾರೆ. ಅದಕ್ಕೂ ಹಿಂದೆ ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಕೊಟ್ಟು, ಅದನ್ನೇ ಪುಟ್ಟ ಪುಸ್ತಕ ಮಾಡಿ ಹಂಚಿದ್ದರು. ಹಾಗಾಗಿ ನಾನು ಮಾಡಿದ್ದು ಹೊಸದೇನಲ್ಲ. ಆದರೆ ಕಲ್ಲಿನ ಮುಂದೆ ರಾತ್ರಿ ಕೂತು ಮಾಡಿದ್ದು, ನನಗೆ ತಿಳಿದ ಮಟ್ಟಿಗೆ, ನಮ್ಮ ಸೀಮೆಯಲ್ಲಿ ನಾವೇ ಮೊದಲು.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. ಮಕ್ಕಳ ಕೈಯಲ್ಲಿ ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರದ ಅಚ್ಚು, ಕಾಗದದ ಮೇಲೆ ತೆಗೆಸೋಣ ಅಂತ ಒದ್ದೆ ಕಾಗದ, ಮಸಿ ಎಲ್ಲಾ ತೆಗೆದುಕೊಂಡು ಹೋದೆ. ಬೇಡ. ಮಸಿ ಕಲ್ಲಿಗೆ ಇಳಿದು ಕಲೆ ಆಗುತ್ತದೆ, ಪಳಗಿದ ಕೈಯೇ ಬೇಕು. ಬದಲಿಗೆ ತೆಳು ಕಾಗದ ಇಟ್ಟು ಮೇಣದ ಬಳಪದಲ್ಲಿ ಉಜ್ಜಿಸಿದೆ. ನುಣುಪಾದ ಬಳಪದ ಕಲ್ಲಿನಲ್ಲಿ ಚೆನ್ನಾಗಿ ಬರುತ್ತದೆ, ತರಿ ತರಿ ಕಲ್ಲಿನಲ್ಲಿ ಬರಲ್ಲ. ಸವೆದ, ಪದರ ಏಳುತ್ತಿರುವ ಕಲ್ಲಿಗೆ ಅದನ್ನೂ ಮಾಡಬೇಡಿ. ವಾಟ್ಸಾಪಿನಲ್ಲಿ ದಿನಕ್ಕೊಂದು ನಿಮಿಷದ ಆಡಿಯೋ ಕಳಿಸಿದೆ. ತಿಂಗಳಲ್ಲಿ ಗುಂಪಿನ ತುಂಬ ಶುಭೋದಯದ ಚಿತ್ರಗಳು. ನಿಲ್ಲಿಸಿದೆ.

ಮಕ್ಕಳಿಗೆ ಒಂದು ಕಥೆ ಮಾತ್ರ ಎಲ್ಲಾ ಊರಲ್ಲೂ ಹೇಳುತ್ತೇನೆ, ನಮ್ಮ ಸೀಮೆಯದಲ್ಲದಿದ್ದರೂ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು, 949ರ ಸುಮಾರಿನದು, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೆರ ಅನ್ನುವ ವೀರನಿಗೆ ಗಂಗರ ರಾಜ ಬೂತುಗ ಏನು ಬೇಕು ಅಂತ ಕೇಳಿದ. ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ನಾಯಿ ಮುಂದೆ ದೊಡ್ಡ ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಫೋಟೋ ತೋರಿಸಿದ ಮೇಲೆ ಮಕ್ಕಳು ತಮ್ಮೂರಿನ ಕಲ್ಲುಗಳಲ್ಲೆಲ್ಲ ನಾಯಿ ಹುಡುಕುತ್ತಾರೆ. ಹುಡುಕುತ್ತಾ ಹುಡುಕುತ್ತಾ ಶಾಸನಗಳ ಪಟ್ಟಿಯಲ್ಲಿಲ್ಲದ ಎರಡು ಕಲ್ಲು ಸಿಕ್ಕಿವೆ. ಒಂದು ಕೊಟ್ಟಿಗೆಯ ಮೆಟ್ಟಿಲಾಗಿತ್ತು.

"ಇದನ್ನೆಲ್ಲ ಓದಿ ಏನು ಸಿಗತ್ತೆ?" ಅನ್ನುವ ಪ್ರಶ್ನೆ ಪ್ರತಿ ಊರಲ್ಲೂ ಬರುತ್ತದೆ. ಸಾಮಾನ್ಯವಾಗಿ ಮಗನನ್ನು ಇಂಜಿನಿಯರಿಂಗಿಗೆ ಸೇರಿಸಿದ ಅಪ್ಪ ಕೇಳುತ್ತಾರೆ. ಮೊದಲು ದೊಡ್ಡ ಭಾಷಣ ಮಾಡುತ್ತಿದ್ದೆ. ಈಗ ಹಾಳುಗೆರೆಯ ಕಥೆ ಹೇಳುತ್ತೇನೆ. ಆ ಊರಿನವರು ಆಮೇಲೆ ಪಂಚಾಯ್ತಿಗೆ ಹೋಗಿ, ನಮ್ಮ ಶಾಸನದಲ್ಲೇ ಇದೆ, ಇದು ಕೆರೆ ಜಾಗ ಅಂತ ಕೂತರು. ಹೂಳು ತೆಗೆಯುವ ಕೆಲಸ ಪಟ್ಟಿಗೆ ಸೇರಿದೆ. ಇನ್ನೂ ಶುರುವಾಗಿಲ್ಲ, ಆದರೆ ಆ ಜಾಗವನ್ನು ಒತ್ತುವರಿ ಮಾಡಲು ಈಗ ಯಾರಿಗೂ ಧೈರ್ಯ ಇಲ್ಲ. ನಮ್ಮ ಕಾಲೇಜಿನಲ್ಲಿ ಇತಿಹಾಸ ತೆಗೆದುಕೊಂಡವರು ಒಂಬತ್ತೋ ಹತ್ತೋ ಇದ್ದವರು ಈ ವರ್ಷ ಇಪ್ಪತ್ತಮೂರು. ಅದರಲ್ಲಿ ಆರು ಮಕ್ಕಳು ನಾವು ರಾತ್ರಿ ಕೂತ ಊರುಗಳವರು.

ದುಡ್ಡಿನ ಲೆಕ್ಕ ಕೇಳುವವರಿಗೆ ಹೇಳುತ್ತೇನೆ: ಇಲ್ಲಿಯವರೆಗೆ ನನ್ನ ಕೈಯಿಂದ ಐವತ್ತು ಸಾವಿರದ ಒಳಗೆ. ಅದರಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಮೊದಲ ಮೂರು ತಪ್ಪುಗಳಿಗೇ ಹೋಯಿತು. ಅನುದಾನಕ್ಕೆ ಎರಡು ಸಲ ಅರ್ಜಿ ಹಾಕಿದ್ದೆ, ಬರಲಿಲ್ಲ. ಇನ್ನು ಹಾಕಲ್ಲ. ಅದರ ಕಾಗದ ತುಂಬುವ ಹೊತ್ತಲ್ಲಿ ಎರಡು ಊರು ಮುಗಿಸಬಹುದು. ಕೊಯ್ಲಿನ ಸಮಯದಲ್ಲಿ ಮಾತ್ರ ಯಾವ ಊರಿಗೂ ಹೋಗಬೇಡಿ, ಎಂಥಾ ಕಲ್ಲಿದ್ದರೂ ಯಾರೂ ಬರಲ್ಲ.

ಮುಂದಿನದು ಸುಗ್ಗಿ ಮುಗಿದ ಮೇಲೆ. ಹಾಳುಗೆರೆ ತೋರಿಸಿದ ಅಜ್ಜ ನಿನ್ನೆ ಫೋನ್ ಮಾಡಿದ್ದರು. ಗುಡ್ಡದ ಆಚೆ ಇನ್ನೊಂದು ತೂಬು ಇದೆಯಂತೆ. ಪೊದೆ ಸವರಲು ಕತ್ತಿ ಮಸೆದಿಟ್ಟಿದ್ದಾರೆ.