ನೇಬರ್ ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕುವುದು ಹೇಗೆ?

ಲೇಯರ್ 3 ಸ್ವಿಚ್‌ನಲ್ಲಿ (ರೂಟರ್ ಕೆಲಸವನ್ನೂ ಮಾಡುವ ಸ್ವಿಚ್) ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್) ಓಡುತ್ತಿದ್ದರೆ ಅದು ಅಕ್ಕಪಕ್ಕದ ರೂಟರ್‌ಗಳಿಗೆ, ಅಂದರೆ ನೇಬರ್‌ಗಳಿಗೆ, 'ನಾನಿದ್ದೇನೆ' ಅನ್ನುವ ಹಲೋ ಸಂದೇಶ ಕಳಿಸುತ್ತಲೇ ಇರುತ್ತದೆ. ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ 10 ಸೆಕೆಂಡಿಗೊಂದು. 40 ಸೆಕೆಂಡು ಆ ಕಡೆಯಿಂದ ಸದ್ದೇ ಇಲ್ಲ ಅಂದರೆ ನೇಬರ್ ಹೋಯ್ತು ಅಂತಲೇ ಲೆಕ್ಕ.

ಮೊದಲ ಕೆಲಸವನ್ನು ಎಲ್ಲ ಸರಿಯಿರುವ ದಿನವೇ ಮಾಡಿ. ಲಾಗಿನ್ ಆಗಿ 'ಶೋ ಐಪಿ ಓಎಸ್‌ಪಿಎಫ್ ನೇಬರ್' ಕೊಡಿ. ಕಂಪನಿಯಿಂದ ಕಂಪನಿಗೆ ಕಮಾಂಡ್ ಸ್ವಲ್ಪ ಬೇರೆ ಇರಬಹುದು. ಬಂದ ಪಟ್ಟಿಯನ್ನು ಹಾಗೇ ಕಾಪಿ ಮಾಡಿ ಇಟ್ಟುಕೊಳ್ಳಿ: ಯಾವ ರೂಟರ್ ಐಡಿ, ಯಾವ ಪೋರ್ಟು, ಒಟ್ಟು ಎಷ್ಟು. ಯಾಕೆ ಅಂದರೆ, ಬಿದ್ದುಹೋದ ನೇಬರ್‌ನ ಸಾಲೇ ಆಮೇಲೆ ಪಟ್ಟಿಯಲ್ಲಿ ಇರುವುದಿಲ್ಲ. ಐದರಲ್ಲಿ ಒಂದು ಬಿದ್ದರೆ ಉಳಿದ ನಾಲ್ಕೂ 'ಫುಲ್' (ಸಂಪರ್ಕ ಪೂರ್ತಿಯಾಗಿದೆ) ಅಂತ ತೋರಿಸುತ್ತಿರುತ್ತವೆ, ನೋಡಿದವರು ಎಲ್ಲ ಚೆನ್ನಾಗಿದೆ ಅಂದುಕೊಂಡು ಎದ್ದು ಹೋಗುತ್ತಾರೆ. ಐದಿರಬೇಕಿತ್ತು ಅನ್ನೋದು ಮೊದಲೇ ಗೊತ್ತಿರಬೇಕಲ್ವಾ?

ಈಗ ಡೆಡ್ ಟೈಮ್ ಕಾಲಂ ನೋಡಿ, ಹಲೋ ಬರದಿದ್ದರೆ ನೇಬರ್ ಹೋಯ್ತು ಅನ್ನಲು ಇನ್ನೆಷ್ಟು ಸೆಕೆಂಡು ಉಳಿದಿದೆ ಅಂತ ಅದು ಹೇಳುತ್ತದೆ. ಅದೇ ಕಮಾಂಡನ್ನು ಐದಾರು ಸಲ ಕೊಡಿ. 38, 35, 31, ಮತ್ತೆ 39, ಹೀಗೆ 30ರಿಂದ 40ರ ಒಳಗೇ ಆಡುತ್ತಿದ್ದರೆ ಹಲೋಗಳು ಸರಿಯಾಗಿ ಬರುತ್ತಿವೆ. 24, 17 ಅಂತ ಇಳಿದು ಮೇಲೇರುತ್ತಿದ್ದರೆ ನಡುವೆ ಹಲೋ ಕಳೆದುಹೋಗುತ್ತಿದೆ. ಲಿಂಕ್ ಇನ್ನೂ ಬಿದ್ದಿಲ್ಲ, ಆದರೆ ಆ ಪೋರ್ಟಿನ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟು ಬಂದ ಫ್ರೇಮ್‌ಗಳು), ಡ್ರಾಪ್, ಸಿಪಿಯು ಲೋಡ್ ಇವನ್ನು ಆಗಲೇ ನೋಡಿಬಿಡಿ.

ಸ್ಟೇಟ್ (ನೇಬರ್ ಜೊತೆ ಸಂಪರ್ಕ ಯಾವ ಹಂತದಲ್ಲಿದೆ) ವಿಷಯಕ್ಕೆ ಬಂದರೆ, 'ಟೂ-ವೇ' (ಎರಡೂ ಕಡೆ ಹಲೋ ತಲುಪಿದೆ) ನೋಡಿ ಗಾಬರಿಯಾಗಬೇಡಿ. ಒಂದೇ ವಿಲ್ಯಾನ್‌ನಲ್ಲಿ (ಸ್ವಿಚ್ಚಿನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ತುಂಬಾ ರೂಟರ್‌ಗಳಿದ್ದಾಗ ಡಿಆರ್ (ಆಯ್ಕೆಯಾದ ಮುಖ್ಯ ರೂಟರ್), ಬಿಡಿಆರ್ (ಅದರ ಬದಲಿ) ಅಲ್ಲದವು ತಮ್ಮತಮ್ಮಲ್ಲಿ ಅಲ್ಲೇ ನಿಲ್ಲುತ್ತವೆ. 'ಎಕ್ಸ್‌ಸ್ಟಾರ್ಟ್'ನಲ್ಲೇ (ಮಾಹಿತಿ ವಿನಿಮಯ ಶುರುವಾಗುವ ಹಂತ) ಸಿಕ್ಕಿಕೊಂಡಿದ್ದರೆ ಮೊದಲು ಎರಡೂ ಕಡೆಯ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ನೋಡಿ, ಒಂದು ಕಡೆ 1500 ಇನ್ನೊಂದು ಕಡೆ 9000 ಇರುವುದು ಜಾಸ್ತಿ ಕಾಣುವ ತಪ್ಪು. 'ಇನಿಟ್' ಅಂದರೆ ಅವರ ಹಲೋ ನಮಗೆ ಬರುತ್ತಿದೆ, ನಮ್ಮದು ಅವರಿಗೆ ತಲುಪುತ್ತಿಲ್ಲ. ಎಸಿಎಲ್ (ಟ್ರಾಫಿಕ್ ಬಿಡುವ-ತಡೆಯುವ ನಿಯಮಗಳ ಪಟ್ಟಿ) ಹಲೋಗಳು ಹೋಗುವ 224.0.0.5 ವಿಳಾಸವನ್ನು ತಡೆಯುತ್ತಿದೆಯಾ ನೋಡಿ. ಪಟ್ಟಿಗೇ ಬರದಿದ್ದರೆ ಏರಿಯಾ (ಓಎಸ್‌ಪಿಎಫ್ ನೆಟ್‌ವರ್ಕಿನ ಭಾಗದ ಸಂಖ್ಯೆ), ಸಬ್‌ನೆಟ್ ಮಾಸ್ಕ್, ಟೈಮರ್, ಪಾಸ್‌ವರ್ಡ್ ಹೊಂದುತ್ತವಾ ಅಂತ ಒಂದೊಂದಾಗಿ ತಾಳೆ ನೋಡಿ.

ಈಗ 'ಫುಲ್' ಇದೆ ಅಂದ ಮಾತ್ರಕ್ಕೆ ರಾತ್ರಿ ಬಿದ್ದು ಎದ್ದಿಲ್ಲ ಅಂತೇನಲ್ಲ. ಅದಕ್ಕೇ ನೇಬರ್ ಬದಲಾವಣೆಯ ಲಾಗ್ ಆನ್ ಮಾಡಿ, ಸಿಸ್‌ಲಾಗ್ ಸರ್ವರ್‌ಗೆ (ಲಾಗ್‌ಗಳನ್ನು ಕೂಡಿಡುವ ಬೇರೆ ಯಂತ್ರ) ಕಳಿಸಿ. ಸ್ವಿಚ್ ರೀಬೂಟ್ ಆದರೆ ಅದರೊಳಗಿನ ಲಾಗ್ ಸಾಮಾನ್ಯವಾಗಿ ಅಳಿಸಿಹೋಗುತ್ತದೆ.

ಕೊನೆಗೆ ಎಸ್‌ಎನ್‌ಎಂಪಿ, ಅಂದರೆ ಉಪಕರಣಗಳ ಸ್ಥಿತಿಯನ್ನು ದೂರದಿಂದ ಕೇಳಿ ನಿಗಾ ಇಡುವ ಪ್ರೋಟೋಕಾಲ್. ಓಎಸ್‌ಪಿಎಫ್ ಎಂಐಬಿಯಲ್ಲಿ (ಹಾಗೆ ಕೇಳಬಹುದಾದ ಮೌಲ್ಯಗಳ ಪಟ್ಟಿ) ನೇಬರ್ ಸ್ಟೇಟ್ 8 ಅಂದರೆ 'ಫುಲ್', 4 ಅಂದರೆ 'ಟೂ-ವೇ'. ಸುಮ್ನೆ '8 ಅಲ್ಲದಿದ್ದರೆ ಅಲಾರ್ಮ್' ಅಂತ ಇಟ್ಟರೆ ಸಾಲದು. ಸಾಲೇ ಮಾಯವಾದಾಗ ಹೋಲಿಸಲು ಅಲ್ಲಿ ಯಾವ ಸಂಖ್ಯೆಯೂ ಇರುವುದಿಲ್ಲ. ಉತ್ತರ ಬರದಿದ್ದರೂ, ಒಟ್ಟು ಎಣಿಕೆ ನಿಮ್ಮ ಹಳೆಯ ಪಟ್ಟಿಗಿಂತ ಕಡಿಮೆಯಾದರೂ ಅಲಾರ್ಮ್ ಹೊಡೆಯುವಂತೆ ಮಾಡಿ. ಆಮೇಲೆ ಬಳಕೆ ಕಡಿಮೆ ಇರುವ ಹೊತ್ತಿನಲ್ಲಿ, ಬದಲಿ ದಾರಿ ಇರುವ ಒಂದು ಪೋರ್ಟನ್ನು ಶಟ್ ಮಾಡಿ, ಅಲಾರ್ಮ್ ನಿಜಕ್ಕೂ ಬರುತ್ತದಾ ಅಂತ ನೋಡಿ.