ಡಾಕ್ಟರಲ್ಲದವರಿಗೆ ಡಾಕ್ಟರ್ ಪಾಠ: ನನ್ನ ಅನುಭವ

ಸಾಮಾನ್ಯ ಜನರಿಗೆ ವೈದ್ಯಕೀಯ ಕಲಿಸುತ್ತೇನೆ ಎಂದಾಗ, 'ಎಲ್ಲರನ್ನೂ ಅರ್ಧ ಡಾಕ್ಟರ್ ಮಾಡ್ತೀಯಾ?' ಎಂದು ವಿಭಾಗದಲ್ಲಿ ನಕ್ಕವರೇ ಜಾಸ್ತಿ. ಈಗ ನಮ್ಮ ಸಂಜೆ ಕೋರ್ಸಿಗೆ ವೇಟಿಂಗ್ ಲಿಸ್ಟ್ ಇದೆ. ನಕ್ಕವರಲ್ಲಿ ಇಬ್ಬರು ಈಗ ಅಲ್ಲೇ ಪಾಠ ಮಾಡುತ್ತಾರೆ!

ಯೋಚನೆ ಹೊಸದಲ್ಲ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 1989ರಲ್ಲೇ 'ಮಿನಿ ಮೆಡ್ ಸ್ಕೂಲ್' ಶುರುವಾಗಿತ್ತು. ನಾವು ಹೊರಟಿದ್ದು ಒಂದು ವಾರ ಹೃದಯ, ಇನ್ನೊಂದು ವಾರ ಕಿಡ್ನಿ ಅಂತ, ವಾರಕ್ಕೊಬ್ಬ ತಜ್ಞರನ್ನು ಕರೆಸಿ. ಮೂರನೇ ವಾರಕ್ಕೆ ಹಾಲ್ ಅರ್ಧ ಖಾಲಿ. ಕಾನ್ಫರೆನ್ಸಿನ ಸ್ಲೈಡುಗಳನ್ನೇ ತಂದು ಓದಿದರೆ ಯಾರು ಕೂರುತ್ತಾರೆ?

ಎರಡನೇ ಬ್ಯಾಚಿಗೆ ಅಂಗಗಳನ್ನು ಕೈಬಿಟ್ಟೆ. ಹೆಸರು ಅಳಿಸಿದ ಲ್ಯಾಬ್ ರಿಪೋರ್ಟ್ ಹಂಚಿ, 'ಇದರಲ್ಲಿ ಯಾವುದಕ್ಕೆ ಹೆದರಬೇಕು?' ಎಂದು ಕೇಳಿದೆ. ಶೇಕಡಾ ಲೆಕ್ಕ ಬಂದರೆ ಮುಖಗಳು ಸಪ್ಪಗಾಗುತ್ತಿದ್ದವು. ಹಾಗಾಗಿ ತಲೆ ಎಣಿಸುವ ಲೆಕ್ಕ ಹಿಡಿದೆ. 1000 ಜನರಲ್ಲಿ 10 ಮಂದಿಗೆ ಕಾಯಿಲೆ ಇದೆ ಅನ್ನಿ. ಟೆಸ್ಟ್ ಅವರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಏನೂ ಇಲ್ಲದ 990 ಮಂದಿಯಲ್ಲೂ ಸುಮಾರು 50 ಮಂದಿಗೆ ಪಾಸಿಟಿವ್ ತೋರಿಸುತ್ತದೆ. ಅಂದರೆ ಪಾಸಿಟಿವ್ ಬಂದ 59 ಜನರಲ್ಲಿ ನಿಜಕ್ಕೂ ಕಾಯಿಲೆ ಇರುವವರು 9 ಮಾತ್ರ. ಬೋರ್ಡಿನ ಮೇಲೆ ಇದು ಮೂಡಿದಾಗ ಹಾಲ್‌ನಲ್ಲಿ ಗದ್ದಲವೋ ಗದ್ದಲ. ನಮ್ಮ ಪಿಜಿ ವಿದ್ಯಾರ್ಥಿಗಳೇ ಎಡವುವ ಲೆಕ್ಕ ಇದು, ಅಲ್ವಾ?

ಇನ್ನು ದುಡ್ಡು. ಉಚಿತವಾಗಿದ್ದಾಗ ಹೆಸರು ಕೊಟ್ಟವರಲ್ಲಿ ಮೂರನೇ ಒಂದು ಪಾಲೂ ಕೊನೆಯವರೆಗೆ ಉಳಿಯಲಿಲ್ಲ. ಆಮೇಲೆ ಸಣ್ಣ ಠೇವಣಿ ಕಟ್ಟಿಸಿ, ತರಗತಿ ತಪ್ಪಿಸದವರಿಗೆ ವಾಪಸ್ ಎಂದೆವು. ಹೆಚ್ಚುಕಮ್ಮಿ ಮುಕ್ಕಾಲು ಜನ ಉಳಿದರು. ಬಿಟ್ಟುಹೋದವರ ದುಡ್ಡಿನಲ್ಲಿ ಬಿಪಿ ಮೆಷೀನುಗಳು ಬಂದವು. ಮೇಲಿನವರ ಒತ್ತಾಯಕ್ಕೆ ಅನುದಾನದ ಹತ್ತಿರಹತ್ತಿರ ಅರ್ಧ ವಿಡಿಯೋಗೆ ಹೋಯಿತು. ಅದನ್ನು ಪೂರ್ತಿ ನೋಡಿದವರು ಬೆರಳೆಣಿಕೆಯಷ್ಟು.

ಆ ಮೆಷೀನುಗಳಿಂದ ಸುಮ್ನೆ ಒಂದು ಪ್ರಯೋಗ ಮಾಡಿದೆವು. ಮೊದಲು ಕಾಲು ಮೇಲೆ ಕಾಲು ಹಾಕಿ, ಮಾತಾಡುತ್ತಾ ಬಿಪಿ ನೋಡುವುದು. ಆಮೇಲೆ ಐದು ನಿಮಿಷ ಬೆನ್ನು ಒರಗಿಸಿ ಕೂತು, ತೋಳನ್ನು ಹೃದಯದ ಮಟ್ಟಕ್ಕಿಟ್ಟು, ಬಾಯಿ ಮುಚ್ಚಿ ನೋಡುವುದು. ಬಹಳ ಜನರಿಗೆ ಮೇಲಿನ ಸಂಖ್ಯೆ ಹತ್ತರಷ್ಟು ಇಳಿಯಿತು. ಯಾವ ಭಾಷಣವೂ ಇಷ್ಟು ಕಲಿಸಿರಲಿಲ್ಲ.

ಅರ್ಧ ಡಾಕ್ಟರುಗಳೇನೂ ಹುಟ್ಟಲಿಲ್ಲ. ಇವರು ಈಗ ತಮ್ಮ ಡಾಕ್ಟರನ್ನು, 'ಈ ಮಾತ್ರೆ ತಗೊಂಡರೆ 100ರಲ್ಲಿ ಎಷ್ಟು ಜನಕ್ಕೆ ಲಾಭ?' ಎಂದು ಕೇಳುತ್ತಾರೆ, ಅಷ್ಟೇ.

ತರಗತಿ ನಡುವೆ ಎದ್ದು ಸ್ವಂತ ಮಂಡಿನೋವಿನ ಕಥೆ ಶುರುಮಾಡುವವರನ್ನು ಬೇಜಾರಾಗದಂತೆ ನಿಲ್ಲಿಸಲು ನನ್ನ ಹತ್ತಿರ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯೋದಿಲ್ಲ. ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ.