ಕಾರಿನ ತಲೆ ಮೇಲೆ ಕಯಾಕ್: ಹಾರದ ಹಾಗೆ ಕಟ್ಟುವುದು ಹೇಗೆ?

ಕಾರಿನ ಮೇಲೆ ಹಾಸಿಗೆ, ಟ್ರಂಕು, ಬಾಳೆಗೊನೆ ಎಲ್ಲ ಕಟ್ಟಿಕೊಂಡು ಊರಿಗೆ ಹೋದವರು ನಾವು. ಅದೇ ಧೈರ್ಯದಲ್ಲಿ ಮೊದಲ ಸಲ ಕಯಾಕನ್ನೂ, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಉದ್ದನೆಯ ದೋಣಿಯನ್ನೂ, ಕಟ್ಟಿದೆ. ಛಾವಣಿಗೆ ಸಾಮಾನು ಕಟ್ಟುವ ಅಡ್ಡಪಟ್ಟಿ, ಅಂದರೆ ಬಾರ್, ಹಾಕಿಸಿರಲಿಲ್ಲ. ಬಾಗಿಲು ತೆರೆದು, ಬೆಲ್ಟನ್ನು ಕಾರಿನೊಳಗಿಂದಲೇ ಸುತ್ತಿ ಬಿಗಿದಿದ್ದೆ. ಹಾಸನ ದಾಟುವ ಹೊತ್ತಿಗೆ ಮೇಲಿಂದ ‘ಗುಂಯ್’ ಎಂಬ ಸದ್ದು. ಶಿರಾಡಿ ಇಳಿಯುವಾಗ ಮಳೆ. ಬೆಲ್ಟಿನ ಗುಂಟ ನೀರು ಒಳಗಿಳಿದು ಪಕ್ಕದಲ್ಲಿದ್ದ ಭಾವನ ಪ್ಯಾಂಟು ಪೂರ್ತಿ ಒದ್ದೆ. “ಹೊಳೆಗೆ ಇಳಿಯೋ ಮೊದ್ಲೇ ನೆನೆಸಿಬಿಟ್ಟೆಯಲ್ಲ ಮಾರಾಯ” ಎಂದು ಇವತ್ತಿಗೂ ಆಡಿಕೊಳ್ಳುತ್ತಾರೆ.

ಸಾಲಿಗ್ರಾಮದ ಬಳಿ ಸೀತಾನದಿಯ ಹಿನ್ನೀರಿನಲ್ಲೋ, ಹೊನ್ನಾವರದ ಶರಾವತಿ ಕಾಂಡ್ಲಾ ಕಾಡಿನ ನಡುವೆಯೋ ಒಂದೆರಡು ಸಲ ಹುಟ್ಟು ಹಾಕಿದವರಿಗೆ ಸ್ವಂತ ದೋಣಿಯ ಆಸೆ ಹುಟ್ಟುತ್ತದೆ. ಕೊಳ್ಳುವುದೇನೋ ಸುಲಭ, ಸಾಗಿಸುವುದೇ ತಲೆನೋವು.

ಒಂದು ವಿಷಯ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಟ್ರಂಕು ತನ್ನ ಭಾರಕ್ಕೆ ಕೆಳಗೆ ಕೂರುತ್ತದೆ. ಕಯಾಕ್ ಹಾಗಲ್ಲ. ಅದರ ತೂಕ 25–30 ಕೆ.ಜಿ. ಇರಬಹುದು, ಮೈ ಮಾತ್ರ ಹತ್ತು ಹನ್ನೆರಡು ಅಡಿ. ಕಾರು ಓಡುವಾಗ ಗಾಳಿ ಅದರ ಅಡಿಗೆ ನುಗ್ಗಿ ಮೂತಿಯನ್ನು ಮೇಲಕ್ಕೆತ್ತುತ್ತದೆ. ವೇಗ 60ರಿಂದ 120ಕ್ಕೆ ಏರಿದರೆ ಗಾಳಿಯ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ನಾವು ಕಟ್ಟಬೇಕಿರುವುದು ಅದು ಬೀಳದಿರಲಿ ಎಂದಲ್ಲ, ಹಾರದಿರಲಿ ಎಂದು.

ಮೊದಲು ಕಾರು ನೋಡಿ

ಕಾರಿನ ಜೊತೆ ಬಂದ ಕೈಪಿಡಿ ತೆಗೆಯಿರಿ. ಛಾವಣಿ ಎಷ್ಟು ಭಾರ ತಡೆಯುತ್ತದೆ ಎಂದು ಅದರಲ್ಲಿರುತ್ತದೆ. ಬಹಳಷ್ಟು ಕಾರುಗಳಲ್ಲಿ ಇದು 50ರಿಂದ 75 ಕೆ.ಜಿ. ಬಾರ್‌ಗಳ ತೂಕವೂ ಅದರಲ್ಲೇ ಸೇರಿತು. ಇನ್ನೊಂದು ಮಾತು: ಛಾವಣಿ ಮೇಲೆ ಮಿರಿಮಿರಿ ಹೊಳೆಯುವ ರೇಲ್ ಇದೆ ಎಂದು ಖುಷಿಪಡಬೇಡಿ. ಎಷ್ಟೋ ಕಾರುಗಳಲ್ಲಿ ಅದು ಬರೀ ಶೋಕಿಗೆ ಅಂಟಿಸಿದ್ದು, ಭಾರ ಹೊರುವುದಿಲ್ಲ. ಶೋರೂಮಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಉದ್ದವನ್ನೂ ಅಳೆಯಿರಿ. ನಮ್ಮ ಸಣ್ಣ ಕಾರುಗಳು ತೆರಿಗೆ ಕಡಿಮೆ ಬೀಳಲಿ ಎಂದು 4 ಮೀಟರ್ ಒಳಗೇ ಇರುತ್ತವೆ. ಅಂದರೆ ಸುಮಾರು 13 ಅಡಿ. ಹತ್ತು ಅಡಿಯ ಕಯಾಕ್ ಆರಾಮಾಗಿ ಕೂರುತ್ತದೆ, ಹದಿನಾಲ್ಕು ಅಡಿಯದು ಹೊರಗೆ ಚಾಚುತ್ತದೆ. ಕೆಂಪು ಬಟ್ಟೆ ಕಟ್ಟಿದರೆ ಆಯ್ತಲ್ವಾ ಎಂದುಕೊಳ್ಳಬೇಡಿ. ಸರಕು ಮಿತಿ ಮೀರಿ ಹೊರಚಾಚಿದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ.

ಬಾರ್, ಮೆತ್ತೆ, ಮತ್ತೆ ದೋಣಿ

ಅಡ್ಡಡ್ಡ ಎರಡು ಬಾರ್ ಬೇಕೇ ಬೇಕು. ಅವುಗಳ ನಡುವೆ ಕಾರು ಬಿಟ್ಟಷ್ಟೂ ಅಂತರ ಇರಲಿ. ಹತ್ತಿರ ಹತ್ತಿರ ಹಾಕಿದರೆ ದೋಣಿ ತಕ್ಕಡಿಯ ಹಾಗೆ ತೂಗುತ್ತದೆ. ಬಾರ್‌ಗೆ ಫೋಮ್ ಸುತ್ತಿ. ದುಡ್ಡಿದ್ದರೆ ಇಂಗ್ಲಿಷ್ ಜೆ ಆಕಾರದ ಸ್ಟ್ಯಾಂಡ್ ಸಿಗುತ್ತದೆ, ಅದರಲ್ಲಿ ಕಯಾಕನ್ನು ಪಕ್ಕಕ್ಕೆ ಮಲಗಿಸಬಹುದು. ಬರೀ ಬಾರ್ ಆದರೆ ಕಯಾಕನ್ನು ಬೋರಲು ಹಾಕುವುದೇ ಒಳ್ಳೆಯದು. ಮಳೆ ನೀರೂ ತುಂಬುವುದಿಲ್ಲ. ಮೇಲೆ ಪೂರ್ತಿ ತೆರೆದಿರುವ ಕೆನೂ ದೋಣಿ ಆದರಂತೂ ಬೋರಲೇ.

ಎತ್ತುವುದಕ್ಕೆ ಇಬ್ಬರಿರಲಿ. ಒಬ್ಬರೇ ಇದ್ದರೆ ಡಿಕ್ಕಿಯ ಅಂಚಿಗೆ ಹಳೆ ಯೋಗ ಮ್ಯಾಟ್ ಹಾಸಿ, ಮೂತಿಯನ್ನು ಅದರ ಮೇಲಿಟ್ಟು, ಹಿಂದಿನಿಂದ ಎತ್ತಿ ಮುಂದಕ್ಕೆ ದೂಡಿ. ದೋಣಿಯ ನಡುಭಾಗ ಎರಡು ಬಾರ್‌ಗಳ ಮಧ್ಯಕ್ಕೆ ಬರಬೇಕು.

ಬಿಗಿಯುವುದು

ಲಾರಿಗೆ ಹಾಕುವ, ಹಿಡಿ ಆಡಿಸಿ ಬಿಗಿಯುವ ರ್ಯಾಚೆಟ್ ಬೆಲ್ಟ್ ಬೇಡ. ಕಟಕಟ ಅಂತ ಬಿಗಿಯುತ್ತಾ ಹೋದರೆ ಪ್ಲಾಸ್ಟಿಕ್ ಮೈ ನಗ್ಗಿಹೋಗುತ್ತದೆ, ಬಿಸಿಲಲ್ಲಿ ಕಾದಾಗ ಇನ್ನೂ ಜಾಸ್ತಿ. ಬೆಲ್ಟಿನ ತುದಿಯನ್ನು ಕೈಯಿಂದಲೇ ಎಳೆದು ಬಿಗಿಯುವ ಕ್ಯಾಮ್ ಬಕಲ್ ಸಾಕು. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ, ಅದಕ್ಕೇ ಪಾಲಿಯೆಸ್ಟರ್ ಬೆಲ್ಟ್ ನನಗಿಷ್ಟ.

ಪ್ರತಿ ಬಾರ್‌ಗೆ ಒಂದು ಬೆಲ್ಟ್. ದೋಣಿಯ ಮೇಲಿಂದ ದಾಟಿಸಿ, ಆ ಕಡೆ ಬಾರ್‌ನ ಅಡಿಯಿಂದ ಸುತ್ತಿ, ಮತ್ತೆ ದೋಣಿಯ ಮೇಲಿಂದ ಈ ಕಡೆಗೆ ತಂದು, ಇಲ್ಲೂ ಬಾರ್‌ನ ಅಡಿಯಿಂದ ತೆಗೆದು ಬಕಲ್‌ಗೆ ಹಾಕಿ. ಬೆಲ್ಟ್ ದೋಣಿಯ ಮೈಗೆ ಒತ್ತಿಕೊಂಡೇ ಇಳಿಯಬೇಕು. ಬಾರ್‌ನ ತುದಿಗೆ ಕಟ್ಟಿದರೆ ಜಾರುತ್ತದೆ. ಬಿಗಿಯುವ ಮೊದಲು ಬೆಲ್ಟಿಗೆ ಒಂದು ತಿರುವು ಕೊಡಿ. ಚಪ್ಪಟೆಯಾಗಿದ್ದರೆ ಗಾಳಿಗೆ ಪಟಪಟ ಅದುರುತ್ತದೆ. ನನ್ನ ‘ಗುಂಯ್’ ಸದ್ದಿನ ಗುಟ್ಟು ಇಷ್ಟೇ ಆಗಿತ್ತು! ಉಳಿದ ತುದಿಯನ್ನು ಗಂಟು ಹಾಕಿ ಸಿಕ್ಕಿಸಿಡಿ.

ಎಲ್ಲರೂ ಬಿಟ್ಟುಬಿಡುವುದು ಮೂತಿ ಮತ್ತು ಬಾಲದ ಹಗ್ಗವನ್ನು. ನನ್ನ ಪ್ರಕಾರ ಹೆದ್ದಾರಿಗೆ ಇಳಿಯುವವರು ಇದನ್ನು ಬಿಡಲೇಬಾರದು. ಗಾಳಿ ಎತ್ತುವುದು ಮೂತಿಯನ್ನೇ ಅಲ್ವಾ? ಬಂಪರ್‌ನಲ್ಲಿ ಸಣ್ಣ ಚೌಕದ ಮುಚ್ಚಳ ಕಾಣುತ್ತದೆ. ಅದನ್ನು ತೆಗೆದರೆ, ಟೂಲ್ ಕಿಟ್‌ನಲ್ಲಿರುವ ಕಾರು ಎಳೆಯುವ ಕೊಕ್ಕೆಯನ್ನು ತಿರುಗಿಸಿ ಕೂರಿಸಬಹುದು. ಹಗ್ಗ ಅದಕ್ಕೆ.

ಇದನ್ನು ಬಿಗಿಯುವ ಗಂಟನ್ನು ನನಗೆ ಕಲಿಸಿದ್ದು ಘಾಟಿಯ ಚಹಾ ಅಂಗಡಿ ಮುಂದೆ ನಿಂತಿದ್ದ ಲಾರಿ ಡ್ರೈವರ್ ಒಬ್ಬರು. ಹಗ್ಗದ ಮೇಲ್ತುದಿಯನ್ನು ದೋಣಿಯ ಹಿಡಿಗೆ ಕಟ್ಟಿ, ನಡುವೆ ಒಂದು ಕುಣಿಕೆ ಮಾಡಿದರು. ಕೆಳತುದಿಯನ್ನು ಕೊಕ್ಕೆಗೆ ತೂರಿಸಿ, ಮೇಲೆ ತಂದು, ಆ ಕುಣಿಕೆಯೊಳಗಿಂದ ಎಳೆದು ಕೆಳಕ್ಕೆ ಜಗ್ಗಿದರು. ಕಡಿಮೆ ಬಲಕ್ಕೇ ಜಾಸ್ತಿ ಬಿಗಿ. ಆಮೇಲೆ ನನ್ನ ಕಡೆ ತಿರುಗಿ, “ಸಾಕು ಸಾರ್, ಲೋಡಲ್ಲ ಇದು” ಎಂದರು. ಸರಿಯೇ. ಹಗ್ಗ ಸಡಿಲ ಇರದಿದ್ದರೆ ಸಾಕು, ದೋಣಿ ಬಿಲ್ಲಿನ ಹಾಗೆ ಬಾಗುವಷ್ಟು ಜಗ್ಗಬಾರದು.

ಈಗ ಮೂತಿ ಹಿಡಿದು ಜೋರಾಗಿ ಅಲ್ಲಾಡಿಸಿ. ಕಾರೂ ಜೊತೆಗೆ ಅಲ್ಲಾಡಿದರೆ ಸರಿ. ದೋಣಿ ಮಾತ್ರ ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟಿ.

ದಾರಿಯಲ್ಲಿ

ಹುಟ್ಟು, ಸೀಟು, ಲೈಫ್ ಜಾಕೆಟ್ ಎಲ್ಲ ಕಾರಿನೊಳಗೇ ಇರಲಿ. ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಬೆಲ್ಟ್ ಮುಟ್ಟಿ ನೋಡಿ. ಮೊದಲ ನಾಲ್ಕು ಹಂಪ್ ಹಾರಿದ ಮೇಲೆ ಸ್ವಲ್ಪ ಸಡಿಲ ಆಗಿಯೇ ಇರುತ್ತದೆ. ಮಳೆ ನಿಂತ ಮೇಲೂ ಒಮ್ಮೆ ನೋಡಿ. ನಾನು 80 ದಾಟುವುದಿಲ್ಲ. ಕರಾವಳಿಯ ಹೆದ್ದಾರಿ 66ರಲ್ಲಿ ಹೊಳೆ ದಾಟುವ ಉದ್ದನೆಯ ಸೇತುವೆಗಳ ಮೇಲೆ ಅಡ್ಡಗಾಳಿ ಕಾರನ್ನೇ ಪಕ್ಕಕ್ಕೆ ತಳ್ಳುತ್ತದೆ, ಅಲ್ಲಿ ಇನ್ನೂ ನಿಧಾನ. ಎದುರಿಂದ ಬಸ್ಸು ಸುಯ್ಯನೆ ಹಾದಾಗ ಸ್ಟೀರಿಂಗ್ ಎರಡೂ ಕೈಯಲ್ಲಿರಲಿ.

ವಾಪಸ್ ಬರುವಾಗ ಎತ್ತರ ಮರೆಯುವುದು ಜಾಸ್ತಿ. ಸುಸ್ತಾಗಿರುತ್ತದೆ, ರಾತ್ರಿಯಾಗಿರುತ್ತದೆ, ಕೈ ತಾನಾಗಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಕಡೆಗೆ ಸ್ಟೀರಿಂಗ್ ತಿರುಗಿಸುತ್ತದೆ. ಹೊರಡುವಾಗಲೇ ನೆಲದಿಂದ ದೋಣಿಯ ತುದಿವರೆಗಿನ ಎತ್ತರ ಅಳೆದು, ಚೀಟಿಯಲ್ಲಿ ಬರೆದು ಸ್ಪೀಡೋಮೀಟರ್ ಪಕ್ಕ ಅಂಟಿಸಿ. ನಮ್ಮ ಕಾರಿನಲ್ಲಿ ಆ ಚೀಟಿ ಅಂಟಿಸುವ ಕೆಲಸ ಭಾವನದು.